ನಾನು ತಿದ್ದದೆ ಬಿಟ್ಟ ಪದ

ಆ ಪದ ತಪ್ಪೆಂದು ನನಗೆ ಗೊತ್ತಿತ್ತು, ರೇಣುಕಾ. ಗೊತ್ತಿದ್ದೇ ಸರಿ ಗುರುತು ಹಾಕಿದೆ.

ವಿಶ್ವವಿದ್ಯಾಲಯದ ಆ ಪುಟ್ಟ ಬಾನುಲಿ ಕೇಂದ್ರದಲ್ಲಿ ಕಿರಿಯರು ಬರೆದದ್ದನ್ನು ಹಿರಿಯ ವಿದ್ಯಾರ್ಥಿಗಳು ತಿದ್ದಿ, ಅಂಚಿನಲ್ಲಿ ಕೆಂಪು ಗುರುತು ಹಾಕಿದ ಮೇಲೆಯೇ ಮೈಕಿನ ಮುಂದೆ ಓದಬೇಕಿತ್ತು. ಕಾನ್ವೆಂಟಿನಲ್ಲಿ ಕಲಿತ ನನ್ನ ಉಚ್ಚಾರ ಶುದ್ಧ ಎನ್ನುತ್ತಿದ್ದರು. ಆದರೆ ಫೋನ್ ಮಾಡುವವರು ಕೇಳುತ್ತಿದ್ದದ್ದು ನಿನ್ನನ್ನೇ, ನಿನ್ನ ಊರಿನ ಹೆಸರು ಹಿಡಿದು — ‘ಆ ತಳಕಲ್ ಹುಡುಗಿ ಇಲ್ಲೇನ್ರಿ ಇವತ್ತ?’ ಅದು ನನಗೆ — ಇರಲಿ, ಅದು ನೆಪವಾಗಬಾರದು.

ಅಂದು ಕುರಿಗಳ ರೋಗದ ಬಗ್ಗೆ ಮಾತನಾಡಲು ನಿನ್ನ ಅಪ್ಪ ಬಂದಿದ್ದರು. ಒಗೆದ ರುಮಾಲು, ತೊಡೆಯ ಮೇಲೆ ಮಡಚಿದ ಕಂಬಳಿ. ಚಪ್ಪಲಿ ಬಾಗಿಲ ಹೊರಗೆ. ಪರಿಚಯದ ಹಾಳೆಯಲ್ಲಿ ಅವರ ಹೆಸರಿಗೆ ಮೊದಲು ನೀನು ‘ಕೀರ್ತಿಶೇಷ’ ಎಂದು ಬರೆದಿದ್ದೆ. ಗ್ರಂಥಾಲಯದ ಗೋಡೆಯಲ್ಲಿ ದೊಡ್ಡವರ ಪಟಗಳ ಕೆಳಗೆಲ್ಲ ಆ ಪದ ಕಂಡು, ದೊಡ್ಡ ಬಿರುದು ಅಂದುಕೊಂಡಿದ್ದೆ. ಸತ್ತವರಿಗೆ ಮಾತ್ರ ಹಾಕುವ ಪದ ಅದು.

‘ಅಕ್ಕಾ, ಅಪ್ಪಗ ಇದು ಭಾಳ ದೊಡ್ಡದಾತೇನ್ರಿ?’

‘ಛಲೋ ಐತಿ. ಒತ್ತಿ ಓದು.’

ನೀನು ಒತ್ತಿಯೇ ಓದಿದೆ. ಅಪ್ಪನಿಗೂ ಆ ಪದ ಗೊತ್ತಿರಲಿಲ್ಲ. ನಾನಿದ್ದ ಕಂಟ್ರೋಲ್ ರೂಮಿನ ಗಾಜಿನಾಚೆ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಆಗ ಯಲಬುರ್ಗಾದಿಂದ, ಅವರ ಪರಿಚಯದ ಮಾಸ್ತರೊಬ್ಬರ ಫೋನ್ ನೇರಪ್ರಸಾರಕ್ಕೇ ಬಂತು: ‘ಹನುಮಪ್ಪ ಯಾವಾಗ ಹೋದನ್ರಿ?’

‘ನಾ ಇಲ್ಲೇ ಅದೀನ್ರಿ ಮಾಸ್ತರ,’ ಅಪ್ಪ ನಕ್ಕರು.

‘ಮತ್ತ ನೀ ಸತ್ತಿ ಅಂತ ನಿನ್ನ ಮಗಳು ಈಗಷ್ಟ ಹೇಳಿದ್ಳಲ್ಲೋ.’

ಫೋನ್ ಕತ್ತರಿಸುವ ಗುಂಡಿ ನನ್ನ ಬೆರಳಿನಡಿಯೇ ಇತ್ತು. ಒತ್ತಲಿಲ್ಲ. ನಿನ್ನ ಕಿವಿಯ ತುದಿ ಕೆಂಪಾಗುವುದನ್ನು, ಅಪ್ಪ ಕಂಬಳಿಯ ಎಳೆ ಕೀಳುವುದನ್ನು ನೋಡುತ್ತಾ ಕುಳಿತೆ. ನಕ್ಕೆ ಕೂಡ.

ಓದುವ ಮೊದಲು ಇದನ್ನು ಯಾರು ನೋಡಿದ್ದರು ಎಂದು ಕೇಂದ್ರದ ನಿರ್ದೇಶಕರು ಕೇಳಿದಾಗ ಹಾಳೆ ನಿನ್ನ ಕೈಯಲ್ಲಿತ್ತು — ಅಂಚಿನಲ್ಲಿ ನನ್ನ ಗುರುತು. ನೀನು ಅದನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿದೆ.

‘ಯಾರಿಗೂ ತೋರ್ಸಿಲ್ರಿ ಸರ್. ನಂದ ತಪ್ಪು.’

ಮತ್ತೆ ನಿನ್ನನ್ನು ಮೈಕಿನ ಹತ್ತಿರ ಬಿಡಲಿಲ್ಲ. ಮರುದಿನದಿಂದ ಆ ಕಾರ್ಯಕ್ರಮ ನನ್ನದು. ನಿನ್ನ ಕುರ್ಚಿ ನನಗೆ ತಗ್ಗಾಗಿತ್ತು, ಎತ್ತರಿಸಿಕೊಂಡೆ.

ಕಳೆದ ವಾರ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಗ, ನಮ್ಮ ಹಳೆಯ ಉದ್ಘೋಷಕರ ವಾಟ್ಸಾಪ್ ಗುಂಪಿಗೆ ನಿನ್ನ ಅಪ್ಪ ತೀರಿಕೊಂಡರೆಂದು ನೀನು ಕಳಿಸಿದ ಕಾರ್ಡು ಬಂತು. ಈಗ ಆ ಪದ ಅವರಿಗೆ ಸಲ್ಲುತ್ತಿತ್ತು. ನೀನು ಹಾಕಿರಲಿಲ್ಲ. ಬರೀ ‘ಹನುಮಪ್ಪ’, ಅದಕ್ಕೆ ಮೊದಲು ಒಂದು ಪದದಷ್ಟು ಜಾಗ ಖಾಲಿ —

ಗುಂಪಿನವರೆಲ್ಲ ಕೈಮುಗಿದ ಚಿತ್ರ ಹಾಕಿದ್ದಾರೆ. ನಾನು ಹಾಕಿಲ್ಲ. ಇವತ್ತು ಅಲ್ಲಿ, ಎಲ್ಲರ ಮುಂದೆ, ಒಂದೇ ಸಾಲು ಬರೆಯುತ್ತೇನೆ: ಅಂದು ಆ ಹಾಳೆ ನೋಡಿದವಳು ನಾನು.