ಚಾನಕಿಗೆ ಚೆಲ್ಲಿದ ಚರಗ

ಇಲ್ಲಿ ನೆಲಕ್ಕೇ ಜ್ವರ. ಹಾನಗಲ್ ಸೀಮೆಯ ಕೆರೆದಂಡೆ ಬಿಟ್ಟು ಬಂದ ನಮಗಿಬ್ಬರಿಗೆ ಬಿಹಾರದ ಕಲ್ಲಿದ್ದಲು ಸೀಮೆ ಮೊದಲು ತೋರಿಸಿದ್ದು ಇದನ್ನೇ. ಭೂಮಿಯೊಳಗಿನ ಕಲ್ಲಿದ್ದಲಿಗೆ ಯಾವ ಕಾಲದಲ್ಲೋ ಬೆಂಕಿ ಹತ್ತಿ, ಬಿರುಕುಗಳಿಂದ ಹೊಗೆ ಏಳುತ್ತಿತ್ತು.

"ಕೆಳಗ ಯಾರೋ ಅಡಿಗಿ ಮಾಡಾಕತ್ತಾರ ನೋಡ್ರಿ," ಎಂದಳು ನನ್ನ ಹೆಂಡತಿ ಗಂಗವ್ವ.

"ಹೌದು, ಕಂಪನಿಯವ್ರು," ಎಂದೆ, ಗಂಡನಿಗೆ ತಕ್ಕ ಗಾಂಭೀರ್ಯದಿಂದ.

ನಮ್ಮ ಆಡೂರಿನಲ್ಲಿ ಹಿಂದಿನ ಅರಸರು ಕಲ್ಲಿನ ಮೇಲೆ ಶಾಸನ ಬರೆಸಿದರು. ಇಲ್ಲಿಯವರು ಕಲ್ಲನ್ನೇ ಒಲೆಗೆ ಹಾಕುತ್ತಾರೆ. ಮನೆಯೆಂದರೆ ಧೌಡಾ, ಅಂದರೆ ಬೆನ್ನಿಗೆ ಬೆನ್ನು ಹಚ್ಚಿ ನಿಂತ ಒಂಟಿ ಕೋಣೆಗಳ ಸಾಲು. ಜೋಳ ಸಿಗದೆ ಗಂಗವ್ವ ಮೆಕ್ಕೆಜೋಳದ ರೊಟ್ಟಿ ಬಡಿಯುತ್ತ ಅಳುತ್ತಿದ್ದಳು. ರೊಟ್ಟಿ ಹರಿದದ್ದಕ್ಕೋ ಊರು ನೆನಪಾಗಿಯೋ, ನಾನು ಕೇಳಲಿಲ್ಲ. ಜನ ನಮ್ಮನ್ನು ಮದ್ರಾಸಿಗಳೆಂದರು. ಮದರಾಸನ್ನು ನಾವು ಕಂಡಿರಲಿಲ್ಲ.

ನನಗೆ ಆಸರೆಯಾದದ್ದು ಎಂಜಿನ್ ಮನೆ. ಗಣಿಯ ಬಾವಿಗೆ ಇಲ್ಲಿ ಚಾನಕ್ ಎನ್ನುತ್ತಾರೆ. ಅದರಲ್ಲಿ ಜನರನ್ನು ಇಳಿಸಿ ಏರಿಸುವ ಕಬ್ಬಿಣದ ಪಂಜರ ಡುಲಿ. ಡುಲಿಯ ಹಗ್ಗ ಸುತ್ತುವ ಉಗಿ ಎಂಜಿನ್ನು ಇಂಗ್ಲೆಂಡಿನಿಂದ ದಯಮಾಡಿಸಿದ ಹಿರಿಯರು: ಹಿತ್ತಾಳೆಯ ಹಿಡಿಕೆ, ಮನೆಯೆತ್ತರದ ಉರುಳೆ, ಹಗ್ಗ ಎಷ್ಟಿಳಿದಿದೆಯೆಂದು ಸುಳ್ಳಾಡದೆ ಹೇಳುವ ಮುಳ್ಳು. ಊರಿನಲ್ಲಿ ಎತ್ತು ಹೂಡಿ, ಬಾವಿಯ ನೀರೆತ್ತುವ ಕಪಿಲೆ ಹೊಡೆದಿದ್ದ ಈ ಕೈ, ಇಲ್ಲಿ ಮನುಷ್ಯರನ್ನು ಮೊಸರಿನ ಗಡಿಗೆಯಂತೆ ಇಳಿಸಲು ಕಲಿಯಿತು.

ಅರವತ್ತರ ದಶಕದ ಒಂದು ವರ್ಷ ಗಣಿ ಮುಚ್ಚುವ ಸುದ್ದಿ ಹಬ್ಬಿತು. ಚಾನಕಿನ ಇಟ್ಟಿಗೆ ಗೋಡೆ ಪರೀಕ್ಷಿಸಲು ತಜ್ಞರೊಬ್ಬರು ಬಂದರು. ಗೋಡೆ ಗಟ್ಟಿಯಿದ್ದರೆ ಗಣಿ, ಗಣಿಯಿದ್ದರೆ ಧೌಡಾ. ಹೊಲದ ನನ್ನ ಪಾಲನ್ನು ಅಣ್ಣನಿಗೆ ಬಿಟ್ಟು ಬಂದವನು ನಾನು. ಇದೂ ಹೋದರೆ ಕಾಲೂರಲು ನೆಲವಿರಲಿಲ್ಲ. ತಜ್ಞರನ್ನು ಏರಿಸುವಾಗ ಹಿಡಿಕೆಯನ್ನು ಎಂದಿಗಿಂತ ಮೆಲ್ಲಗೆ ಎಳೆದೆ.

ಮೇಲೆ ಬಂದವರ ಮುಖ ಸುಣ್ಣವಾಗಿತ್ತು. ಡುಲಿಯ ತಲೆಯ ತಗಡಿನ ಮೇಲೆ ಧಪಧಪನೆ ಏನೋ ಬಿದ್ದಿತಂತೆ. ಗೋಡೆ ಉದುರುತ್ತಿದೆ ಎಂದವರೇ ಕಚೇರಿಗೆ ನಡೆದರು.

ಅಂದು ಶೀಗಿ ಹುಣ್ಣಿಮೆ. ಅಂದು ನಮ್ಮ ಕಡೆ ಪೈರು ಹೊತ್ತ ಭೂಮಿಯನ್ನು ಬಸುರಿಯೆಂದು ಬಗೆದು, ಹೊಲಕ್ಕೆ ಅಡಿಗೆಯ ಎಡೆ ಚೆಲ್ಲುತ್ತೇವೆ, ಅದೇ ಚರಗ. ಮಧ್ಯಾಹ್ನ ಗಂಗವ್ವ ತಂದ ಬುತ್ತಿಯಲ್ಲಿ ಎರಡೇ ಕಡುಬು.

"ಉಳದದ್ದೆಲ್ಲಿ?"

"ಚರಗ ಚೆಲ್ಲಿದೆ."

"ಎಲ್ಲಿ ಚೆಲ್ಲಿದಿ?"

"ಇಲ್ಲಿ ನಮಗ ಅನ್ನ ಕೊಡೂ ಹೊಲಾ ಯಾವದೈತ್ರಿ? ಆ ಬಾವೀನ ಅಲ್ಲೇನು? ಕಾವಲಿಯಂವ ಆ ಕಡೆ ಹೊಳ್ಳಿದಾಗ ಒಗದೆ. ನಮ್ಮನ್ನ ಕೈ ಬಿಡಬ್ಯಾಡ ತಾಯಿ ಅಂತ ಬೇಡ್ಕೊಂಡೆ."

ಚಾನಕಿನಲ್ಲಿ ಹುಲ್ಲುಕಡ್ಡಿ ಎಸೆದರೂ ಕೆಲಸ ಹೋಗುತ್ತದೆ. ಹೋದರೆ ನನ್ನೊಬ್ಬನದು ಹೋಗಲಿ ಎಂದು, ಸಾಕ್ಷಿಯಾಗಿ ಕಡುಬೊಂದನ್ನು ಹಿಡಿದು ತಜ್ಞರೆದುರು ನಿಂತೆ. ಬಂದ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದೆ. ಅವರು ಕಡುಬನ್ನು ಹೊರಳಿಸಿ ನೋಡಿದರು, ಮೂಸಿದರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ಮೆಲ್ಲಗೆ ಹೇಳಿದರು: ಗೋಡೆ ಗಟ್ಟಿಯಿದೆಯೆಂದೇ ಬರೆಯುತ್ತೇನೆ, ಆದರೆ ಕೆಳಗೆ ತೆಗೆಯಲು ಕಲ್ಲಿದ್ದಲೇ ಉಳಿದಿಲ್ಲ, ನಾನು ಬರುವ ಮೊದಲೇ ಮುಚ್ಚುವುದು ನಿಶ್ಚಯವಾಗಿತ್ತು, ಈ ಪರೀಕ್ಷೆ ಬರೀ ಕಾಗದಕ್ಕೆ.

ಪಂಪು ಕಿತ್ತರು, ಚಾನಕ್ ನೀರು ತುಂಬಿಕೊಂಡಿತು. ಎಂಜಿನ್ ಮನೆಯ ಹಿರಿಯರನ್ನು ಗ್ಯಾಸಿನ ಬೆಂಕಿಯಲ್ಲಿ ತುಂಡರಿಸಿ ಗುಜರಿಯವನು ತೂಕಕ್ಕೆ ಒಯ್ದ. ಹಿತ್ತಾಳೆಗೆ ದರ ಜಾಸ್ತಿ ಎಂದು ಹಿಡಿಕೆಯನ್ನು ಮೊದಲೇ ಬಿಚ್ಚಿದ್ದರು.

ಈಗ ನಾನಿರುವುದು ಇಲ್ಲಿಯದೇ ಇನ್ನೊಂದು ಗಣಿಯಲ್ಲಿ. ಅದಕ್ಕೂ ಮೊದಲು ಊರಿಗೆ ಹೋಗಿದ್ದೆವು, ಇದ್ದುಬಿಡಲೆಂದೇ. ಹಾವೇರಿಯಲ್ಲಿ ರೈಲಿಳಿದು, ಬಸ್ಸು ಹಿಡಿದು, ಆಡೂರಿನ ಮನೆಗೆ ಬಂದೆವು. ಗಂಗವ್ವನನ್ನು ಒಂದು ಕಾಲಕ್ಕೆ "ಏ ಗಂಗಿ" ಎಂದು ಕೂಗುತ್ತಿದ್ದ ಅತ್ತಿಗೆ ಚಾಪೆ ಹಾಸಿ, ಬೆಲ್ಲ ನೀರು ತಂದಿಟ್ಟರು.

"ಬರ್ರಿ, ಕುಂದರ್ರಿ. ಎಷ್ಟ ದಿನಾ ಇರ್ತೀರಿ?"

ಗಂಗವ್ವ ಬೆಲ್ಲದ ಚೂರನ್ನು ಬಾಯಿಗಿಟ್ಟು, ನೀರು ಕುಡಿದು ತಂಬಿಗೆ ಕೆಳಗಿಟ್ಟಳು.

"ಏನಿಲ್ರಿ ಅಕ್ಕಾ, ನಿಮ್ಮನ್ನೆಲ್ಲಾ ನೋಡ್ಕೊಂಡು ಹೋಗೂಣು ಅಂತ ಬಂದ್ವಿ," ಎಂದಳು.

ನಮ್ಮ ಭಾಂಡೆಸಾಮಾನಿನ ಚೀಲಗಳೆಲ್ಲ ಹೊರಗೆ ಕಟ್ಟೆಯ ಮೇಲಿದ್ದವು.