ಅರಸೀಕೆರೆಯಲ್ಲಿ ಸಕಾರ ಚುಚ್ಚಿದ ದಿನಗಳು

ಹೊಸ ಇಯರ್‌ಫೋನನ್ನು ಕಿವಿಯೊಳಗೆ ತುರುಕಿಕೊಂಡ ಮೊದಲ ಕ್ಷಣ, ನಾನು ಉಗುಳು ನುಂಗಿದ್ದು ನನಗೇ ದೊಡ್ಡದಾಗಿ ಕೇಳಿಸಿತು. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ತಲೆಬುರುಡೆಯೊಳಗೆ ಯಾರೋ ದಪದಪ ನಡೆದಾಡಿದಂತಾಯಿತು. ಗಾಬರಿಯಿಂದ ಕಿತ್ತು ಮೇಜಿನ ಮೇಲಿಟ್ಟೆ. ಹೊರಗೆ ಗೂಡ್ಸ್ ರೈಲು ಕೂಗುತ್ತಿತ್ತು. ಒಳಗೂ ಗದ್ದಲ, ಹೊರಗೂ ಗದ್ದಲ. ಅರಸೀಕೆರೆಗೆ ಬಂದು ಆಗ ಮೂರು ವಾರವಾಗಿತ್ತು.

ವಿಜಯಪುರದ ಗೆಳೆಯರೇ, ನಿಮ್ಮಲ್ಲಿ ಕೆಲವರಿಗೆ ನನ್ನ ಕೆಲಸ ಗೊತ್ತು. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಾಠಗಳನ್ನು ಓದಿ ಧ್ವನಿಮುದ್ರಿಸುವುದು, ತಪ್ಪು ತಿದ್ದುವುದು, ಉಸಿರಿನ ಸದ್ದು ತೆಗೆದು ಕಳಿಸುವುದು. ಮನೆಯಲ್ಲೇ ಕೂತು ಮಾಡುವ ಕೆಲಸ. ಹೆಂಡತಿ ಮಹಾದೇವಿ ನರ್ಸ್. ಅವಳಿಗೆ ಇಲ್ಲಿಗೆ ವರ್ಗವಾಯಿತು, ಹಿಂದೆಯೇ ನಾನೂ ಬಂದೆ. ‘ಹೆಂಡತಿ ಹಿಂದೆ ಗಂಡ ಬಂದವ್ರೆ’ ಎಂದು ಓಣಿಯವರು ಒಂದೆರಡು ದಿನ ಮಾತಾಡಿಕೊಂಡು ಸುಮ್ಮನಾದರು.

ವಿಜಯಪುರದ ನಮ್ಮ ಮನೆಯಲ್ಲಿ ಮಧ್ಯಾಹ್ನವೆಂದರೆ ಬಿಸಿಲು ಮತ್ತು ಮೌನ. ಕಿವಿಯ ಮೇಲೆ ಕೂರುವ ದೊಡ್ಡ ಹೆಡ್‌ಫೋನ್ ಹಾಕಿಕೊಂಡರೆ ಧ್ವನಿ ಎದುರಿಗೆ ಕೂತವರ ಮಾತಿನಂತೆ ಬರುತ್ತಿತ್ತು. ಇಲ್ಲಿ ಒಂದು ಕಡೆ ರೈಲು ಹಳಿ, ಇನ್ನೊಂದು ಕಡೆ ಮನೆ ಮಾಲೀಕರಾದ ರುದ್ರಣ್ಣನವರ ಕೊಬ್ಬರಿ ಗೋದಾಮು. ದಿನವಿಡೀ ಕಾಯಿ ಸುಲಿಯುವ, ಒಡೆಯುವ ಸದ್ದು. ಹಳೆಯ ಹೆಡ್‌ಫೋನ್ ಇದೆಲ್ಲವನ್ನೂ ಒಳಗೆ ಬಿಟ್ಟುಕೊಳ್ಳುತ್ತಿತ್ತು.

ರುದ್ರಣ್ಣನವರನ್ನು ಕೇಳಿಕೊಂಡೆ: “ಮಧ್ಯಾಹ್ನ ಎರಡು ತಾಸು ಕೆಲಸ ನಿಲ್ಲಸಲಿಕ್ಕೆ ಆಗ್ತದೇನ್ರಿ?”

“ಒಸಿ ದಿನ ಕಳೀಲಿ ಸಾಮಿ, ಕಿವಿಗೆ ಒಗ್ಗೋಯ್ತದೆ” ಎಂದು ನಕ್ಕರು. ‘ಒಸಿ’ ಎಂದರೆ ಸ್ವಲ್ಪ. ಇಲ್ಲಿ ಎಲ್ಲಕ್ಕೂ ಒಸಿ. ಒಸಿ ತಡೀರಿ, ಒಸಿ ಸಾರು ಹಾಕ್ಲಾ, ಒಸಿ ಜರುಗಿ. ನನ್ನ ಪಾಲಿಗೆ ಆ ಒಸಿ ದಿನ ಮುಗಿಯಲೇ ಇಲ್ಲ.

ಅದಕ್ಕೇ ಕಿವಿಯೊಳಗೆ ಹೋಗುವ ಇಯರ್‌ಫೋನ್ ತರಿಸಿದ್ದು. ಗದ್ದಲವನ್ನೇನೋ ಅದು ತಡೆಯಿತು. ಆದರೆ ಅದರ ನಾದವೇ ಬೇರೆ. ಧ್ವನಿ ಎದುರಿನಿಂದ ಬರುವುದಿಲ್ಲ, ಎರಡು ಕಿವಿಗಳ ನಡುವೆ, ತಲೆಯೊಳಗೇ ಹುಟ್ಟುತ್ತದೆ. ಸಕಾರ, ಶಕಾರ ಬಂದಲ್ಲೆಲ್ಲ ಕಿವಿಗೆ ಚುಚ್ಚುತ್ತದೆ. ನನ್ನ ಓದೇ ಕೆಟ್ಟಿದೆ ಎಂದುಕೊಂಡು ಆ ಅಕ್ಷರಗಳ ಹರಿತವನ್ನೆಲ್ಲ ಕಂಪ್ಯೂಟರಿನಲ್ಲಿ ತಗ್ಗಿಸಿದೆ. ಹಾಗೆ ಸವರಿ ಸವರಿ ಹನ್ನೊಂದು ಪಾಠ ಕಳಿಸಿದೆ. ಊಟದ ಮೇಲೂ ಸಿಟ್ಟು. ರೊಟ್ಟಿ ಬಡಿಯಲು ಒಳ್ಳೆಯ ಜೋಳದ ಹಿಟ್ಟು ಸಿಗಲಿಲ್ಲವೆಂದು ಮಹಾದೇವಿ ಮುದ್ದೆ ಕಲಿತಳು. ನಾನು ಅದನ್ನು ಅಗಿಯುತ್ತಿದ್ದರೆ, “ಅಗೀಬಾರದಂತ್ರೀ, ನುಂಗಬೇಕಂತ” ಎನ್ನುತ್ತಿದ್ದಳು. ಅದೂ ನನಗೆ ಬರಲಿಲ್ಲ.

ಒಂದು ಬೆಳಿಗ್ಗೆ ಫೋನ್ ಬಂತು.

“ಸಾರ್, ಗಂಡಸಿಯಿಂದ ಸವಿತಾ ಅಂತ. ಶಿಕ್ಷಕರ ಪರೀಕ್ಷೆಗೆ ನಿಮ್ಮ ಪಾಠ ಕೇಳ್ಕಂಡು ಓದ್ತಿದೀನಿ. ತಪ್ಪು ತಿಳ್ಕಬೇಡಿ, ಹೊಸ ಪಾಠಗಳು ಬಾಯಿಗೆ ಬಟ್ಟೆ ಅಡ್ಡ ಇಟ್ಕಂಡು ಓದಿದಂಗೈತೆ.”

“ನಿಮ್ಮ ಫೋನಿನ ಸ್ಪೀಕರ್ ಕೆಟ್ಟಿರಬೇಕು ನೋಡ್ರಿ.”

“ಅದೇ ಫೋನಲ್ಲಿ ನಿಮ್ಮ ಹಳೇ ಪಾಠ ಚೆನ್ನಾಗೇ ಐತಲ್ಲ ಸಾರ್. ಹಳೇಬೀಡಿನ ಪಾಠದಲ್ಲಿ ಶಾಸನ ಅನ್ನೋದು ನಂಗೆ ಆಸನ ಅಂತ ಕೇಳಿಸ್ತು. ರಾಜ ಯಾಕೆ ಊರೂರಿಗೂ ಆಸನ ಹಾಕಿಸ್ದ ಅಂತ ಎರಡು ದಿನ ಯೋಚ್ನೆ ಮಾಡಿದೀನಿ. ಪರೀಕ್ಷೆಗೆ ಇನ್ನು ಮೂರೇ ವಾರ.”

“ಬೇರೆ ಯಾರೂ ಹಂಗ ಹೇಳಿಲ್ಲ” ಎಂದು ಬಿರುಸಾಗಿ ಫೋನಿಟ್ಟೆ.

ಡ್ಯೂಟಿಗೆ ಹೊರಟಿದ್ದ ಮಹಾದೇವಿ ಎಲ್ಲ ಕೇಳಿಸಿಕೊಂಡು ಬಾಗಿಲಲ್ಲೇ ನಿಂತಳು. “ಆಕಿಗೆ ಕಣ್ಣಿಲ್ಲ, ಕಿವಿ ಮ್ಯಾಲೆ ಜೀವನಾ ಮಾಡ್ತಾಳ. ನಿಮ್ಮ ಕಿವಿಗಿಂತ ಆಕಿ ಕಿವಿ ನಾ ನಂಬ್ತೀನಿ. ಹೋಗಿ ಕೇಳ್ಕೊಂಡು ಬರ್ರಿ.”

ಮರುದಿನ ಹಳೆಯ ಹೆಡ್‌ಫೋನ್, ಹೊಸ ಇಯರ್‌ಫೋನ್ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹತ್ತಿರದ ಊರಾದ ಗಂಡಸಿಯ ಬಸ್ಸು ಹತ್ತಿದೆ. ಸವಿತಾ ತನ್ನ ಅಕ್ಕನ ಮನೆಯ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಪಾಠ ಕೇಳುತ್ತಿದ್ದಳು, ಒಂದೇ ಕಿವಿಯಲ್ಲಿ. ಕೇಳಿದ್ದಕ್ಕೆ, “ಇನ್ನೊಂದು ಕಿವಿ ಮನೆಗೆ ಬೇಕಲ್ಲ ಸಾರ್. ಎಮ್ಮೆ ಹಗ್ಗ ಕಿತ್ಕಂಡ್ರೆ ಗೊತ್ತಾಗ್ಬೇಕು” ಎಂದಳು.

ನಾನು ಬಿರುಸಾಗಿ ಮಾತಾಡಿದ್ದಕ್ಕೆ ಕ್ಷಮೆ ಕೇಳಬೇಕೆಂದಿದ್ದೆ. ಬದಲಿಗೆ ಸಕಾರ ಚುಚ್ಚುತ್ತದೆಂದು ಅದರ ಹರಿತ ತಗ್ಗಿಸಿದ್ದನ್ನು ಹೇಳಿದೆ. ಹೊಸ ಇಯರ್‌ಫೋನನ್ನು ಅವಳ ಕೈಗಿಟ್ಟು, ಹಾಗೆ ತಗ್ಗಿಸದ ಹಳೆಯ ಪಾಠವೊಂದನ್ನು ಹಾಕಿದೆ. ಎರಡು ಸಾಲು ಕೇಳುವಷ್ಟರಲ್ಲಿ ಕಿವಿಯಿಂದ ತೆಗೆದುಬಿಟ್ಟಳು.

“ಅಬ್ಬಾ, ಸ ಅಂದ್ರೆ ಸೂಜಿ ಚುಚ್ಚಿದಂಗಾಗ್ತದೆ! ನಿಮ್ ಓದು ಸರಿಯಾಗೇ ಐತೆ ಸಾರ್. ಚುಚ್ತಿರೋದು ಇದು, ನೀವು ಕುಯ್ದಿರೋದು ನಮ್ ಪಾಠನ.”

ನನಗೆ ಮುಖ ಎತ್ತಲಾಗಲಿಲ್ಲ. ಅವಳಿಗೆ ಅದು ಕಾಣುವುದಿಲ್ಲವೆಂಬ ಸಮಾಧಾನವೂ ಉಳಿಯಲಿಲ್ಲ. “ಯಾಕ್ ಸಾರ್ ಸುಮ್ನಾದ್ರಿ?” ಎಂದಳು.

“ಇದನ್ನ ಬಿಟ್ರ ನನಗ ಆ ಗದ್ದಲದಾಗ ಕೆಲಸ ಆಗಂಗಿಲ್ಲ. ಇದನ್ನ ನಂಬಲಿಕ್ಕೂ ಆಗಂಗಿಲ್ಲ” ಎಂದೆ.

“ನಂಗೆ ಹೊಸ ಫೋನ್ ಬಂದಾಗ ನಮ್ಮಕ್ಕನ ದನಿ ರೆಕಾರ್ಡ್ ಮಾಡ್ಕಂಡು ಕೇಳ್ತೀನಿ. ಅಕ್ಕನ ದನಿ ಹೆಂಗೈತೆ ಅಂತ ಗೊತ್ತಲ್ಲ, ಫೋನು ಅದನ್ನ ಎಷ್ಟು ಕೆಡಿಸ್ತದೆ ಅಂತ ತಿಳೀತದೆ. ನೀವೂ ಹಂಗೇ ಮಾಡಿ.”

ಮನೆಗೆ ಬಂದವನೇ ಮಹಾದೇವಿಯಿಂದ ಪತ್ರಿಕೆ ಓದಿಸಿದೆ. ಮೊದಲು ಬರಿಗಿವಿಯಲ್ಲಿ ಕೇಳಿದೆ, ಆಮೇಲೆ ಧ್ವನಿಮುದ್ರಿಸಿದ್ದನ್ನು ಇಯರ್‌ಫೋನಿನಲ್ಲಿ. ದಿನಾ ಕಾಲು ಗಂಟೆ. “ನನ್ನ ದನಿ ಇಷ್ಟ ದಿನ ಎಂದೂ ಇಷ್ಟು ಲಕ್ಷ್ಯಕೊಟ್ಟು ಕೇಳಿರಲಿಲ್ಲ ಬಿಡ್ರಿ” ಎಂದು ಕಾಡಿಸಿದಳು. ಚುಚ್ಚುವುದು ಇಯರ್‌ಫೋನಿನ ಗುಣ, ಚುಚ್ಚಿದಲ್ಲೆಲ್ಲ ಓದಿಗೆ ಕೈ ಹಾಕಬಾರದು ಎಂಬುದು ನಿಧಾನಕ್ಕೆ ತಿಳಿಯಿತು. ಎಂಟು ಪಾಠಗಳನ್ನು ಮೂಲದಿಂದ ಮತ್ತೆ ಸಿದ್ಧಮಾಡಿದೆ, ಆದರೆ ಉಳಿದ ಮೂರರ ಮೂಲ ಧ್ವನಿಮುದ್ರಿಕೆಯನ್ನು ನಾನೇ ಅಳಿಸಿಹಾಕಿದ್ದೆ. ಅವುಗಳನ್ನು ಮೊದಲಿನಿಂದ ಓದಬೇಕಾಯಿತು. ಪ್ರತಿ ಪುಟಕ್ಕೂ ಒಂದು ರೈಲು. ಹಳೇಬೀಡಿನ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಕೆತ್ತಿದ ಕುಸುರಿಯ ಭಾಗವನ್ನು ಏಳು ಸಲ ಓದಿದೆ. ಏಳನೆಯ ಸಲ ಗೋದಾಮಿನಲ್ಲಿ ಯಾರೋ ಕಾಯಿ ಚೀಲ ಸುರಿದರು. ಕಾಗದ ಎಸೆದು ಕೂಗಾಡಿದೆ. ಎಂಟನೆಯ ಸಲ ಸರಿಹೋಯಿತು. ಪರೀಕ್ಷೆಗೆ ಎಂಟು ದಿನವಿರುವಾಗ ಹನ್ನೊಂದೂ ಪಾಠ ಸವಿತಾಳಿಗೆ ತಲುಪಿದವು. ಅವಳು ಕಳೆದುಕೊಂಡ ದಿನಗಳನ್ನು ಮಾತ್ರ ನಾನು ಕೊಡಲಾರದೆ ಹೋದೆ.

ಪರೀಕ್ಷೆ ಬರೆದು ಬಂದ ಸಂಜೆ ಅವಳೇ ಫೋನ್ ಮಾಡಿದಳು. ಪರವಾಗಿಲ್ಲ ಎನ್ನುವಷ್ಟು ಬರೆದಿದ್ದಾಳಂತೆ. ಶಾಸನದ ಪ್ರಶ್ನೆಯೂ ಬಂದಿತ್ತಂತೆ. ಆ ಬಿರುಸು ಮಾತಿಗೆ ಆಗ ಕ್ಷಮೆ ಕೇಳಿದೆ. “ಅದ್ನ ಆವತ್ತೇ ಬಿಟ್ಟೆ ಕಣ್ರೀ ಸಾರ್” ಎಂದು ನಕ್ಕು, “ಪಾಠ ಈಗ ಅಕ್ಷರ ಅಕ್ಷರ ಕೇಳಿಸ್ತದೆ. ಆದ್ರೆ ನೀವು ಬಾಯಿ ಬಿಟ್ರೆ ಸಾಕು, ಆ ಉತ್ತರದ ಕಡೆಯೋರು ಅಂತ ಗೊತ್ತಾಗೋಯ್ತದೆ” ಎಂದಳು.

ಹೊಸದಾಗಿ ಓದಿದ ಹಳೇಬೀಡಿನ ಪಾಠವನ್ನು, ಓದಿದವರು ಯಾರೆಂದು ತಿಳಿಸದೆ, ವಿಜಯಪುರದ ನನ್ನ ಅಕ್ಕನಿಗೂ ಕಳಿಸಿದ್ದೆ. ಅವಳ ಉತ್ತರ ಮರುದಿನ ಬಂತು: “ಚಲೋ ಓದ್ಯಾನ ತಮ್ಮಾ. ಯಾರಿಂವ, ಅರಸೀಕೆರಿಯಾಂವೇನು?”

ನಾನೇ ಎಂದು ಹೇಳಲು ಫೋನೆತ್ತಿದೆ, ಹೇಳಲಿಲ್ಲ. ಪಾಠವನ್ನು ಮತ್ತೊಮ್ಮೆ ಹಾಕಿಕೊಂಡು, ಇಬ್ಬರಲ್ಲಿ ಯಾರ ಮಾತು ನಿಜವೆಂದು ತಿಳಿಯಲು ಕೊನೆಯವರೆಗೂ ಕೇಳಿದೆ. ಸ್ಪಷ್ಟವಾಗಿತ್ತು, ಎಲ್ಲಿಯೂ ಚುಚ್ಚಲಿಲ್ಲ. ಓದುತ್ತಿದ್ದವನು ಯಾವ ಊರಿನವನೆಂದು ಮಾತ್ರ ನನಗೂ ಗೊತ್ತಾಗಲಿಲ್ಲ.