ಬೋನಾ ಅಂಕಲ್ ಅವರ ಕುತ್ತಿಗೆ

ಬೋನಾ ಅಂಕಲ್ ಅವರ ತಲೆ ಸದಾ ಎಡಭುಜದ ಕಡೆಗೆ ವಾಲಿಕೊಂಡಿರುತ್ತಿತ್ತು. ಎದುರಿಗೆ ನಿಂತವರಿಗೆ, ಈ ಮನುಷ್ಯ ತಮ್ಮ ಕಷ್ಟವನ್ನು ಎಷ್ಟು ಮನಸ್ಸಿಟ್ಟು ಕೇಳುತ್ತಾರೆ ಅನ್ನಿಸುತ್ತಿತ್ತು. ಹಾಗಾಗಿ ಬಹ್ರೇನಿನ ಗುದೈಬಿಯಾದ ನಮ್ಮ ಕಟ್ಟಡದಲ್ಲಿ ಗಂಡನ ಮೇಲೆ ಮುನಿದವರು, ವೀಸಾ ಸಿಗದವರು, ಬಾಸ್‌ನಿಂದ ಬೈಸಿಕೊಂಡವರು ಎಲ್ಲರೂ ಬಂದು ಅವರ ಬಾಗಿಲು ತಟ್ಟುತ್ತಿದ್ದರು. "ನನಗೆ ಅವರ ಕಷ್ಟ ಕಟ್ಟಿಕೊಂಡು ಎಂತ ಆಗ್ಬೇಕು ಮಾರಾಯ? ಕುತ್ತಿಗೆ ನೆಟ್ಟಗೆ ನಿಲ್ಲುದಿಲ್ಲ, ಅಷ್ಟೇ" ಎಂದು ಆಮೇಲೆ ನನ್ನ ಹತ್ತಿರ ಗೊಣಗುತ್ತಿದ್ದರು.

ಪೂರ್ತಿ ಹೆಸರು ಬೊನವೆಂಚರ್. ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಮನಾಮಾದ ಒಂದು ಹೋಟೆಲಿನಲ್ಲಿ ಔತಣಕೂಟಗಳ ಕ್ಯಾಪ್ಟನ್. ವರ್ಷಗಟ್ಟಲೆ ಒಂದೇ ಭುಜದ ಮೇಲೆ ತಟ್ಟೆಗಳ ರಾಶಿ ಹೊತ್ತು ಕುತ್ತಿಗೆ ಹಾಗಾಗಿತ್ತು. ನಾನು ದಾವಣಗೆರೆಯಿಂದ ಹೋದ ಇಂಜಿನಿಯರು, ಅವರ ಕೆಳಗಿನ ಫ್ಲ್ಯಾಟಿನವನು. ನನ್ನ ಹತ್ತಿರ ಕಾರಿತ್ತು. ಆ ಕಾರಣಕ್ಕೆ ನನ್ನ ವಿದ್ಯಾಭ್ಯಾಸಕ್ಕೂ ಅವರು ಸ್ವಲ್ಪ ಮರ್ಯಾದೆ ಕೊಡುತ್ತಿದ್ದರು.

ಒಂದು ಔತಣದಲ್ಲಿ ಸೂಪು ಬಡಿಸುವಾಗ, ಅತಿಥಿಯಾಗಿ ಬಂದಿದ್ದ ಬ್ರಿಟಿಷ್ ವೈದ್ಯನೊಬ್ಬ ಇವರ ವಾಲಿದ ತಲೆ ನೋಡಿ, ಪಕ್ಕಕ್ಕೆ ಕೂರಿಸಿ, ಬೆರಳುಗಳಿಂದ ಮೆಲ್ಲಗೆ ಒತ್ತಿದನಂತೆ. ಎರಡು ದಿನ ನೋವೇ ಇರಲಿಲ್ಲ. ಆತ ಆಸ್ಟಿಯೋಪತ್, ಅಂದರೆ ಎಲುಬು, ಸ್ನಾಯುಗಳನ್ನು ಕೈಯಿಂದಲೇ ಸರಿಪಡಿಸುವ ವೈದ್ಯ. ಅಂದಿನಿಂದ ಅಂಕಲ್‌ಗೆ ಬೇರೆ ಔಷಧಿ ಹಿಡಿಸಲಿಲ್ಲ. ಆದರೆ ಒಂದು ಹಟವಿತ್ತು: ಹೋಟೆಲು ವರ್ಷವರ್ಷ ಕಟ್ಟುವ ಸರ್ಕಾರಿ ಆರೋಗ್ಯ ವಿಮೆಯಲ್ಲೇ ಅಂಥ ವೈದ್ಯ ಸಿಗಬೇಕು. "ಸ್ವಂತ ಕುತ್ತಿಗೆಗೆ ಸ್ವಂತ ದುಡ್ಡು ಯಾರು ಹಾಕ್ತಾರೆ?"

ತಮಾಷೆಯಂತೆ ಹೇಳುತ್ತಿದ್ದರೂ ಒಳಗೆ ಭಯವಿತ್ತು. ಟ್ರೇ ಎತ್ತಲಾಗದಿದ್ದರೆ ಊರಿಗೆ ಹೋಗಿ ಎಂದು ಮ್ಯಾನೇಜರು ಸೂಚನೆ ಕೊಟ್ಟಾಗಿತ್ತು. ಕಿರಿಯ ಮಗಳ ನರ್ಸಿಂಗ್ ಓದು ಇನ್ನೂ ಮುಗಿದಿರಲಿಲ್ಲ.

ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅವರಿಗೆ ಪ್ರತಿಸಲವೂ ಪನಡಾಲ್ ಎಂಬ ನೋವಿನ ಮಾತ್ರೆ, ಹಚ್ಚಿಕೊಳ್ಳಲು ಮುಲಾಮು. ಅಲ್ಲಿ ವಾರದ ರಜೆಯಾದ ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ನಮ್ಮ ಆಸ್ಟಿಯೋಪತ್ ಯಾತ್ರೆ. ಅವಾಲಿಯ ತೈಲ ಕಂಪನಿ ಆಸ್ಪತ್ರೆಯಲ್ಲಿ ಒಬ್ಬರಿದ್ದಾರೆಂದು ಯಾರೋ ಹೇಳಿದರು. ಹೋದರೆ, ಕಂಪನಿಯವರಿಗೂ ಅವರ ಮನೆಯವರಿಗೂ ಮಾತ್ರ ಎಂದು ಕಾವಲುಗಾರ ತಡೆದ. ಇಲ್ಲಿ ಯಾರಾದರೂ ದತ್ತು ತೆಗೆದುಕೊಳ್ಳುತ್ತಾರಾ ಎಂದು ಅಂಕಲ್ ಅವನನ್ನು ಹಿಂದಿಯಲ್ಲಿ ಗಂಭೀರವಾಗಿ ವಿಚಾರಿಸಿದರು. ಜಿಂಜ್‌ನ ಒಂದು ಕ್ಲಿನಿಕ್ಕಿನಲ್ಲಿ ಕೌಂಟರಿನ ಮಲಯಾಳಿ ಹುಡುಗಿ, ನಾವು ಖಾಸಗಿ ವಿಮೆ ಮಾತ್ರ ತೆಗೆದುಕೊಳ್ಳುವುದು ಎಂದಳು. ಇವರು ವಾದಿಸುತ್ತಲೇ ಇದ್ದಾಗ ಒಳಗಿಂದ ಆಸ್ಟಿಯೋಪತ್ ಹೆಂಗಸೇ ಹೊರಬಂದು, ಕುತ್ತಿಗೆಯನ್ನು ಕಣ್ಣಿನಲ್ಲೇ ಅಳೆದು, ಸ್ಕ್ಯಾನ್ ಆಗುವ ತನಕ ಯಾರ ಕೈಯಲ್ಲೂ ಇದನ್ನು ತಿರುಗಿಸಿಕೊಳ್ಳಬೇಡಿ ಎಂದು ಎಚ್ಚರಿಸಿ ಹೋದರು.

"ಕನ್ಸಲ್ಟೇಶನ್ ಫ್ರೀ ಆಯ್ತಲ್ಲ ಇಂಜಿನಿಯರೇ" ಎಂದು ಅಂಕಲ್ ಲಿಫ್ಟಿನಲ್ಲಿ ಬೀಗಿದರು. ಆಕೆ ಹೇಳಿದ್ದನ್ನು ಅಲ್ಲೇ ಬಿಟ್ಟು ಕೆಳಗಿಳಿದರು.

ಮುಂದಿನ ವಾರ ಇಬ್ಬರೂ ಕ್ಷೌರಕ್ಕೆ ಹೋದೆವು. ನಮ್ಮ ಬೀದಿಯ ಶಮೀಮ್ ಉತ್ತರ ಪ್ರದೇಶದವನು. ಗಡ್ಡ ಹೆರೆದಾದ ಮೇಲೆ ಗಿರಾಕಿಯ ಗದ್ದ ಹಿಡಿದು ಕತ್ತನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಚಿ ಲಟಕ್ಕೆನ್ನಿಸುವುದು ಅವನ ಅಂಗಡಿಯ ಮರ್ಯಾದೆ. ಅಂಕಲ್ ಮಾತ್ರ ನೋವಿಗೆ ಹೆದರಿ ಯಾವಾಗಲೂ ಬೇಡವೆನ್ನುತ್ತಿದ್ದರು. ಅವತ್ತು ಕನ್ನಡಿಯೊಳಗಿಂದಲೇ ನನ್ನತ್ತ ನೋಡಿ, "ಇವನಿಗೆ ವಿಮೆ ಕಾರ್ಡೂ ಬೇಡ, ಅಪಾಯಿಂಟ್‌ಮೆಂಟೂ ಬೇಡ" ಎಂದು ಶಮೀಮನಿಗೆ ಸನ್ನೆ ಮಾಡಿಬಿಟ್ಟರು. ನಾನು ಬೆಂಚಿನಿಂದ ಏಳುವಷ್ಟರಲ್ಲಿ ಸದ್ದಾಗಿತ್ತು.

ಆ ಸದ್ದು ಈಗಲೂ ಕೇಳಿಸುತ್ತದೆ. ಒಣಕಡ್ಡಿ ಮುರಿದಂತೆ ಅಲ್ಲ. ಒದ್ದೆ ಬಟ್ಟೆ ಹಿಂಡುವಾಗ ನೂಲು ಹರಿದಂತೆ. ಮೊದಲು ಅಂಕಲ್ ನಕ್ಕರು. ತಲೆ ನೆಟ್ಟಗಾಗಿತ್ತು. "ನೋಡು, ಪಾಸ್‌ಪೋರ್ಟ್ ಫೋಟೋ" ಎಂದರು. ಕುರ್ಚಿಯಿಂದ ಇಳಿದವರು ಗೋಡೆ ಹಿಡಿದರು, ವಾಂತಿ ಮಾಡಿಕೊಂಡರು, ಏನೋ ಹೇಳಲು ಹೋದರು. ನಾಲಿಗೆ ಬಾಯಿಯಲ್ಲಿ ತಿರುಗಲಿಲ್ಲ. ಶಮೀಮನೂ ನಾನೂ ಅವರನ್ನು ಹೊತ್ತು ಕಾರಿಗೆ ಹಾಕಿದೆವು. ದಾರಿಯಲ್ಲಿ ಎಷ್ಟು ಸಿಗ್ನಲ್ ಹಾರಿಸಿದೆನೋ ಗೊತ್ತಿಲ್ಲ. ಎದೆಗೆ ಕ್ಷೌರದ ಬಿಳಿ ಬಟ್ಟೆ ಸುತ್ತಿಕೊಂಡೇ ಇದ್ದ ಅಂಕಲ್ ಹಿಂದಿನ ಸೀಟಿನಲ್ಲಿ ಶಮೀಮನ ತೊಡೆಯ ಮೇಲೆ. ಅವನು ದುವಾ ಓದುತ್ತಲೇ ಇದ್ದ. ಅವನು ನಿಲ್ಲಿಸಿದರೆ ಅಂಕಲ್ ಉಸಿರೂ ನಿಂತಿದೆ ಎಂದೇ ನನ್ನ ಲೆಕ್ಕ. ಹಿಂತಿರುಗಿ ನೋಡುವ ಧೈರ್ಯವಿರಲಿಲ್ಲ.

ಕುತ್ತಿಗೆಯ ರಕ್ತನಾಳದ ಒಳಪದರ ಹರಿದು ಮೆದುಳಿಗೆ ರಕ್ತ ಹೋಗುವುದು ತಡೆದಿದೆ ಎಂದರು ಸರ್ಕಾರಿ ಆಸ್ಪತ್ರೆಯ ವೈದ್ಯರು. ಜೀವ ಉಳಿಯಿತು. ವಾರಗಳ ನಂತರ, ಕೈ ಹಿಡಿದು ನಡೆಸುವ, ದಿನವೂ ಕುತ್ತಿಗೆಯನ್ನು ಹೂವಿನಂತೆ ಹಿಡಿದು ವ್ಯಾಯಾಮ ಮಾಡಿಸುವ ಬಹ್ರೇನಿ ಫಿಸಿಯೋಥೆರಪಿಸ್ಟ್ ಒಬ್ಬಾಕೆಯೂ ಸಿಕ್ಕಳು. ಎಲ್ಲವೂ ವಿಮೆಯಲ್ಲೇ. ಅಂಕಲ್ ತೊದಲುತ್ತ, ಒಂದೊಂದೇ ಮಾತು ಕೂಡಿಸಿ ಹೇಳಿದರು:

"ಇಷ್ಟು ಒಳ್ಳೆಯವರು ಸಿಗ್ಬೇಕಾದ್ರೆ ಅರ್ಧ ಸಾಯ್ಬೇಕು ಅಂತ... ಯಾವ ಕೌಂಟರಿನವರೂ ಹೇಳ್ಲಿಲ್ಲ ಮಾರಾಯ."

ಕೆಲಸ ಉಳಿಯಲಿಲ್ಲ. ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟುಬಂದೆ. ಅಲ್ಲಿಯ ಸಿಬ್ಬಂದಿ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಉದ್ದದ ಸರತಿಯನ್ನೆಲ್ಲ ದಾಟಿಸಿ ಮುಂದಕ್ಕೆ ಕರೆದೊಯ್ದರು. ಅಷ್ಟು ದೂರ ಹೋದ ಮೇಲೆ ಅಂಕಲ್ ಕುರ್ಚಿ ನಿಲ್ಲಿಸಲು ಹೇಳಿ, ನನ್ನನ್ನು ಹತ್ತಿರ ಕರೆದು, ಇದು ಮೊದಲೇ ಗೊತ್ತಿದ್ದರೆ ಪ್ರತಿ ರಜೆಗೂ ಒಮ್ಮೆ ಬೀಳುತ್ತಿದ್ದೆ ಎಂದು ಕಿವಿಯಲ್ಲಿ ಹೇಳಿದರು. ನನಗೆ ನಗು ಬರಲಿಲ್ಲ. ಅದಕ್ಕವರು ಬೇಜಾರು ಮಾಡಿಕೊಂಡರು. ಮಗಳು ನರ್ಸಾದ ಸುದ್ದಿಯೂ, ಅದಾದ ಮರುವರ್ಷ ಅಂಕಲ್ ತೀರಿಹೋದ ಸುದ್ದಿಯೂ ಫೋನಿನಲ್ಲೇ ಬಂದವು.

ನಾನು ಈಗಲೂ ಶಮೀಮನ ಹತ್ತಿರವೇ ಹೋಗುತ್ತೇನೆ. ಕತ್ತು ತಿರುಗಿಸು ಎಂದು ಹಳೆಯ ಗಿರಾಕಿಗಳು ಕೇಳಿದರೆ, ಇವತ್ತು ಬೇಡ ಎನ್ನುತ್ತಾನೆ. ಅವನಿಗೆ ಎಲ್ಲ ದಿನವೂ ಇವತ್ತೇ. ಆದರೆ ಕೆಲಸ ಮುಗಿದಾಗ ಅಭ್ಯಾಸದಿಂದ ಅವನ ಎರಡೂ ಕೈ ನನ್ನ ಗದ್ದಕ್ಕೆ ಬರುತ್ತವೆ. ಕನ್ನಡಿಯಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತೇವೆ. ಅವನು ಕೈ ತೆಗೆದ ಮೇಲೆ ನಾನು ಉಸಿರು ಬಿಡುತ್ತೇನೆ.